ಐದು ತಿಂಗಳ ಆಮದಿಗಾಗುವಷ್ಟು ಡಾಲರ್ ಇದ್ದರೆ ಸಾಕೇ?

ಪ್ರಶ್ನೆ: ವಿದೇಶಿ ವಿನಿಮಯ ಮೀಸಲು ಮೂರು ತಿಂಗಳ ಆಮದಿಗೆ ಸಾಲುವಷ್ಟಿದ್ದರೆ ದೇಶಕ್ಕೆ ಭಯವಿಲ್ಲ, ಐದು ತಿಂಗಳಿಗೆ ಇದ್ದರಂತೂ ನೆಮ್ಮದಿ ಎಂದು ಓದಿದ್ದೇನೆ. ಆದರೆ ಕೈತುಂಬ ಮೀಸಲಿದ್ದ ದೇಶಗಳೂ ಬಿಕ್ಕಟ್ಟಿಗೆ ಸಿಕ್ಕಿವೆ. ಇನ್ನು ಕೆಲವರು, ಡಾಲರ್ ಕೂಡಿಡುವುದೇ ದಂಡ, ಆ ಹಣದಲ್ಲಿ ಬಂದರು, ರೈಲು ಮಾರ್ಗ ಕಟ್ಟಬಹುದು ಎನ್ನುತ್ತಾರೆ. ಉದಯೋನ್ಮುಖ ದೇಶವೊಂದು ನಿಜಕ್ಕೂ ಎಷ್ಟು ಮೀಸಲು ಇಟ್ಟುಕೊಳ್ಳಬೇಕು? ಅದನ್ನು ಲೆಕ್ಕ ಹಾಕುವ ಬಗೆ ಹೇಗೆ?

ಉತ್ತರ: ಆಮದಿನ ತಿಂಗಳುಗಳನ್ನು ಎಣಿಸಿ ಈ ಪ್ರಶ್ನೆಗೆ ಉತ್ತರ ಕೊಡಲಾಗದು. ವಿದೇಶಿ ಬಂಡವಾಳಕ್ಕೆ ಬಾಗಿಲು ತೆರೆದಿರುವ ದೇಶ ಎರಡು ಮೊತ್ತಗಳನ್ನು ಎದುರುಬದುರು ಇಟ್ಟು ನೋಡಬೇಕು. ಒಂದು ವರ್ಷ ಹೊಸ ಸಾಲ ಸುಲಭಕ್ಕೆ ಹುಟ್ಟದೇ ಹೋದರೆ ದೇಶದಿಂದ ಎಷ್ಟು ಡಾಲರ್ ಹೊರಗೆ ಹೋಗಬಹುದು ಎಂಬುದು ಒಂದು. ಕೇಂದ್ರ ಬ್ಯಾಂಕ್ ಯಾರನ್ನೂ ಕೇಳದೆ ನಾಳೆ ಬೆಳಿಗ್ಗೆಯೇ ಬಳಸಬಹುದಾದ ಡಾಲರ್ ಎಷ್ಟು ಎಂಬುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕೆ ಸಮ ಇದ್ದರೆ ಕನಿಷ್ಠ ರಕ್ಷಣೆ ಇದೆ ಎಂದರ್ಥ. ಒಂದೂವರೆ ಪಟ್ಟಿನವರೆಗೆ ಇಟ್ಟುಕೊಂಡರೆ ಅದಕ್ಕೆ ಸಮರ್ಥನೆ ಕೊಡಬಹುದು. ಅಲ್ಲಿಂದಾಚೆಗೆ ಕೂಡಿಡುವ ಡಾಲರ್‌ನಿಂದ ಸಿಗುವ ರಕ್ಷಣೆ ಕಡಿಮೆ, ತಗಲುವ ವೆಚ್ಚ ಮಾತ್ರ ಅಷ್ಟೇ.

ಮೂರು ತಿಂಗಳ ಸೂತ್ರ ಬಂದದ್ದು ಬಂಡವಾಳದ ಓಡಾಟಕ್ಕೆ ಎಲ್ಲೆಡೆ ಕಡಿವಾಣವಿದ್ದ ಕಾಲದಲ್ಲಿ. ಆಗ ಡಾಲರ್ ಕೊರತೆ ಬರುತ್ತಿದ್ದದ್ದು ವ್ಯಾಪಾರದ ದಾರಿಯಿಂದ: ರಫ್ತಿನ ಬೆಳೆ ಕೈಕೊಟ್ಟಿತು, ತೈಲದ ಬೆಲೆ ಏರಿತು, ಅಷ್ಟೆ. ಆಮದಿನ ಬಿಲ್ ಕಟ್ಟಲು ಮೂರು ತಿಂಗಳು ಸಮಯ ಸಿಕ್ಕರೆ ಅಷ್ಟರಲ್ಲಿ ಸರ್ಕಾರ ಸಾಲವನ್ನೋ ನೆರವನ್ನೋ ಹೊಂದಿಸಿಕೊಳ್ಳುತ್ತಿತ್ತು. ಅಂತರರಾಷ್ಟ್ರೀಯ ಸಾಲ ಮಾರುಕಟ್ಟೆಗೆ ಇನ್ನೂ ಕಾಲಿಡದ ಬಡ ದೇಶಗಳಿಗೆ ಈ ಅಳತೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಭಾರತದ 1991ರ ಬಿಕ್ಕಟ್ಟೂ ಬಹುಪಾಲು ಈ ಹಳೆಯ ಜಾತಿಯದೇ. ಆ ಬೇಸಿಗೆಯಲ್ಲಿ ಮೀಸಲು ಸುಮಾರು 1.1 ಬಿಲಿಯನ್ ಡಾಲರ್‌ಗೆ ಇಳಿದಿತ್ತು (ಒಂದು ಬಿಲಿಯನ್ ಎಂದರೆ ನೂರು ಕೋಟಿ). ಅದು ಎರಡು ವಾರದ ಆಮದಿಗೂ ಕಷ್ಟದಲ್ಲಿ ಸಾಲುವ ಮೊತ್ತ. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಬಳಿ ಸುಮಾರು 47 ಟನ್ ಚಿನ್ನ ಒತ್ತೆಯಿಟ್ಟು ಸುಮಾರು 400 ಮಿಲಿಯನ್ ಡಾಲರ್ ತರಬೇಕಾಯಿತು. ಆದರೆ ಅಲ್ಲಿಯೂ ಅಲ್ಪಾವಧಿ ಸಾಲ ನವೀಕರಣವಾಗದೆ ನಿಂತದ್ದು, ಅನಿವಾಸಿ ಠೇವಣಿಗಳು ವಾಪಸ್ ಹೋಗತೊಡಗಿದ್ದು ಗಾಯಕ್ಕೆ ಉಪ್ಪು ಸವರಿತು. ಮುಂದಿನ ದಶಕದ ಬಿಕ್ಕಟ್ಟುಗಳಲ್ಲಿ ಈ ಎರಡನೆಯ ಭಾಗವೇ ಮುಖ್ಯವಾಯಿತು.

ಮೆಕ್ಸಿಕೋವನ್ನು ನೋಡಿ. 1994ರ ಆರಂಭದಲ್ಲಿ ಅದರ ಬಳಿ 29 ಬಿಲಿಯನ್ ಡಾಲರ್‌ನ ಆಸುಪಾಸಿನಲ್ಲಿ ಮೀಸಲಿತ್ತು. ವರ್ಷದ ಕೊನೆಗೆ ಉಳಿದದ್ದು ಆರು ಬಿಲಿಯನ್. ಆ ಹೊತ್ತಿಗೆ ಸರ್ಕಾರ ವಿತರಿಸಿದ್ದ ಟೆಸೊಬೋನೊ ಎಂಬ ಬಾಂಡ್‌ಗಳ ಬಾಕಿ ಸುಮಾರು 29 ಬಿಲಿಯನ್ ಡಾಲರ್, ಅದೂ 1995ರಲ್ಲೇ ತೀರಿಸಬೇಕಾದ್ದು. ಟೆಸೊಬೋನೊ ದೇಶದೊಳಗೇ ಮಾರಿದ, ಪೆಸೊದಲ್ಲಿ ಪಾವತಿಯಾಗುವ, ಆದರೆ ಮೌಲ್ಯ ಡಾಲರ್‌ಗೆ ಕಟ್ಟಿಹಾಕಿದ ಸಾಲಪತ್ರ. ಹೆಸರಿಗೆ ದೇಶೀಯ ಸಾಲ. ಹಿಡಿದುಕೊಂಡಿದ್ದವರಲ್ಲಿ ವಿದೇಶಿಯರೇ ಹೆಚ್ಚು. ಅವರು ಪೆಸೊ ಪಡೆದು ಡಾಲರ್ ಕೊಳ್ಳಲು ಹೊರಟ ದಿನ ಆಮದಿನ ತಿಂಗಳುಗಳ ಲೆಕ್ಕ ಯಾವ ಉಪಯೋಗಕ್ಕೂ ಬರಲಿಲ್ಲ.

1997ರಲ್ಲಿ ಶುರುವಾದ ಏಷ್ಯಾದ ಬಿಕ್ಕಟ್ಟೂ ಮುಗಿದ ಮೇಲೆ, 1999ರಲ್ಲಿ, ಅರ್ಜೆಂಟೀನಾದ ಹಣಕಾಸು ಇಲಾಖೆಯಲ್ಲಿ ಉಪಸಚಿವರಾಗಿದ್ದ ಪಾಬ್ಲೊ ಗಿಡೊಟ್ಟಿ ಒಂದು ಸರಳ ನಿಯಮ ಮುಂದಿಟ್ಟರು: ಒಂದು ವರ್ಷದೊಳಗೆ ತೀರಿಸಬೇಕಾದ ವಿದೇಶಿ ಸಾಲ ಎಷ್ಟಿದೆಯೋ ಅಷ್ಟು ಮೀಸಲು ಇರಲಿ. ಅಮೆರಿಕದ ಫೆಡರಲ್ ರಿಸರ್ವ್‌ನ ಆಗಿನ ಅಧ್ಯಕ್ಷ ಅಲನ್ ಗ್ರೀನ್‌ಸ್ಪ್ಯಾನ್ ಅದೇ ವರ್ಷ ಅದನ್ನು ಬೆಂಬಲಿಸಿ, ಹೊಸ ಸಾಲ ಎತ್ತದೆಯೇ ಒಂದು ವರ್ಷ ದಾಟುವ ಸಂಭವ 95% ಇರುವಂತೆ ಮೀಸಲು ಮತ್ತು ಸಾಲ ಎರಡನ್ನೂ ಹೊಂದಿಸಿಕೊಳ್ಳಬಹುದು ಎಂದರು. ‘ಎರಡನ್ನೂ’ ಎನ್ನುವುದನ್ನು ಗಮನಿಸಿ, ಅದಕ್ಕೆ ಮತ್ತೆ ಬರುತ್ತೇನೆ.

ಈ ನಿಯಮವನ್ನು ಬಳಸುವಾಗ ಆಗುವ ಸಾಮಾನ್ಯ ತಪ್ಪು, ಸಾಲದ ಮೂಲ ಅವಧಿಯನ್ನು ಹಿಡಿಯುವುದು. ಬೇಕಾದ್ದು ಉಳಿದ ಅವಧಿ. ಹತ್ತು ವರ್ಷದ ಬಾಂಡ್ ಅನ್ನು ಒಂಬತ್ತು ವರ್ಷದ ಹಿಂದೆ ವಿತರಿಸಿದ್ದರೆ ಅದು ಈಗ ಅಲ್ಪಾವಧಿ ಸಾಲವೇ. ಮೂಲ ಅವಧಿಯ ಅಂಕಿ ಸುಲಭಕ್ಕೆ ಸಿಗುತ್ತದೆ, ಚಿಕ್ಕದಾಗಿಯೂ ಕಾಣುತ್ತದೆ, ಹಾಗಾಗಿ ಅಧಿಕಾರಿಗಳ ಭಾಷಣಗಳಲ್ಲಿ ಅದೇ ಬರುತ್ತದೆ. ಖಾಸಗಿ ಕಂಪನಿಗಳ ಸಾಲ, ಆಮದುದಾರರು ಪಡೆದ ವ್ಯಾಪಾರ ಸಾಲ, ಅನಿವಾಸಿಗಳ ಠೇವಣಿ ಎಲ್ಲವೂ ಸೇರಬೇಕು. ದೇಶೀಯ ಬ್ಯಾಂಕುಗಳ ವಿದೇಶಿ ಶಾಖೆಗಳು ಅಲ್ಲಲ್ಲೇ ಎತ್ತಿದ ಸಾಲ ಅಧಿಕೃತ ಅಂಕಿಅಂಶದಿಂದ ತಪ್ಪಿಸಿಕೊಳ್ಳುವುದು ಹೆಚ್ಚು. ದಕ್ಷಿಣ ಕೊರಿಯಾದಲ್ಲಿ 1997ರಲ್ಲಿ ಆದದ್ದು ಇದೇ. ಆ ಶಾಖೆಗಳಿಗೆ ಡಾಲರ್ ಸಾಲ ಸಿಗುವುದು ನಿಂತಾಗ ಭಾರ ಬಂದು ಬಿದ್ದದ್ದು ಸೋಲ್‌ನ ಕೇಂದ್ರ ಬ್ಯಾಂಕಿನ ಹೆಗಲಿಗೆ.

ಗಿಡೊಟ್ಟಿ ನಿಯಮಕ್ಕೂ ಮಿತಿಯಿದೆ. ಓಡಿಹೋಗುವುದು ಸಾಲ ಕೊಟ್ಟವರ ಹಣವೊಂದೇ ಅಲ್ಲ. ಷೇರುಪೇಟೆಯಲ್ಲಿ, ದೀರ್ಘಾವಧಿ ಬಾಂಡ್‌ನಲ್ಲಿ ಹಣ ಹಾಕಿದ ವಿದೇಶಿಯರೂ ಮಾರಿಕೊಂಡು ಹೊರಡಬಹುದು. ಅವರಿಗಿಂತ ಮೊದಲು ಗಾಬರಿ ಬೀಳುವವರು ಬಹಳ ಸಲ ದೇಶದೊಳಗಿನ ಠೇವಣಿದಾರರೇ. ಇದನ್ನೆಲ್ಲ ಒಟ್ಟುಗೂಡಿಸಲು ಅಂತರರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್, 2011ರಲ್ಲಿ ಒಂದು ಸಂಯುಕ್ತ ಅಳತೆ ರೂಪಿಸಿ ಆಮೇಲೆ ಪರಿಷ್ಕರಿಸಿತು. ಹಿಂದಿನ ಬಿಕ್ಕಟ್ಟುಗಳಲ್ಲಿ ಯಾವ ಬಾಬ್ತಿನಿಂದ ಎಷ್ಟು ಪಾಲು ಹೊರಗೆ ಹೋಗಿತ್ತು ಎಂದು ನೋಡಿ, ಅವುಗಳಲ್ಲೂ ಕೆಟ್ಟ ಹತ್ತನೇ ಒಂದು ಭಾಗದ ಸಂದರ್ಭಗಳನ್ನು ಆಧಾರವಾಗಿಟ್ಟುಕೊಂಡು ತೂಕ ಕೊಟ್ಟಿದ್ದಾರೆ. ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟಿರುವ ದೇಶಕ್ಕೆ: ವಾರ್ಷಿಕ ರಫ್ತಿನ 5%, ದೇಶದಲ್ಲಿ ಚಲಾವಣೆ ಮತ್ತು ಠೇವಣಿ ರೂಪದಲ್ಲಿರುವ ಒಟ್ಟು ಹಣದ (ಬ್ರಾಡ್ ಮನಿ ಎನ್ನುತ್ತಾರೆ) 5%, ಅಲ್ಪಾವಧಿ ವಿದೇಶಿ ಸಾಲದ 30%, ಇತರ ವಿದೇಶಿ ಸಾಲ ಮತ್ತು ಷೇರು ಹೂಡಿಕೆಯ 15%. ದರವನ್ನು ಕಟ್ಟಿಹಾಕಿರುವ ದೇಶಕ್ಕೆ ಇವೇ ಕ್ರಮವಾಗಿ 10%, 10%, 30%, 20%. ಎಲ್ಲ ಕೂಡಿಸಿ ಬಂದ ಮೊತ್ತದ 100ರಿಂದ 150%ರಷ್ಟು ಮೀಸಲಿದ್ದರೆ ಸಾಮಾನ್ಯವಾಗಿ ಸಾಕು ಎನ್ನುವುದು ಐಎಂಎಫ್ ಅಭಿಪ್ರಾಯ.

ಒಂದು ಕಾಲ್ಪನಿಕ ದೇಶ ತೆಗೆದುಕೊಂಡು ಲೆಕ್ಕ ಹಾಕೋಣ. ಎಲ್ಲ ಅಂಕಿಯೂ ಬಿಲಿಯನ್ ಡಾಲರ್‌ಗಳಲ್ಲಿ. ಜಿಡಿಪಿ 200. ಸರಕು ಮತ್ತು ಸೇವೆಗಳ ಆಮದು 72, ರಫ್ತು 60. ಹೊರನಾಡಿನಿಂದ ಬರುವ ಹಣ ಸೇರಿಸಿದ ಮೇಲೂ ಬೀಳುವ ಡಾಲರ್ ಕೊರತೆ, ಅಂದರೆ ಚಾಲ್ತಿ ಖಾತೆ ಕೊರತೆ, 6. ಬ್ರಾಡ್ ಮನಿ 140. ಉಳಿದ ಅವಧಿಯ ಲೆಕ್ಕದಲ್ಲಿ ಅಲ್ಪಾವಧಿ ಸಾಲ 30. ಇತರ ಸಾಲ ಮತ್ತು ಷೇರು ಹೂಡಿಕೆ 70. ಕೇಂದ್ರ ಬ್ಯಾಂಕ್ ಪ್ರಕಟಿಸುವ ಮೀಸಲು 32.

ತಿಂಗಳಿಗೆ ಆರು ಬಿಲಿಯನ್ ಆಮದು, ಹಾಗಾಗಿ 32 ಎಂದರೆ ಐದು ತಿಂಗಳಿಗೂ ಹೆಚ್ಚು. ನೀವು ಓದಿದ ನೆಮ್ಮದಿಯ ಮಟ್ಟ. ಗಿಡೊಟ್ಟಿ ನಿಯಮಕ್ಕೆ ಬೇಕಾದ್ದು 30, ಅದಕ್ಕೂ ಸರಿಹೋಯಿತು. ಚಾಲ್ತಿ ಖಾತೆ ಕೊರತೆಯನ್ನು ಸೇರಿಸಿದರೆ 36, ಇಲ್ಲಿ ಎಡವುತ್ತದೆ. ಐಎಂಎಫ್ ಅಳತೆ, ತೇಲುವ ದರಕ್ಕೆ: 3 + 7 + 9 + 10.5, ಒಟ್ಟು 29.5. ಮೀಸಲು ಇದರ 108%, ಪಾಸು. ಅದೇ ದೇಶ ತನ್ನ ಹಣವನ್ನು ಡಾಲರ್‌ಗೆ ಕಟ್ಟಿಹಾಕಿದ್ದರೆ: 6 + 14 + 9 + 14, ಒಟ್ಟು 43. ಈಗ 32 ಎಂದರೆ ಬರೀ 74%. ದೇಶ ಅದೇ, ಸಾಲ ಅದೇ. ವಿನಿಮಯ ದರದ ನೀತಿಯೊಂದೇ 13.5 ಬಿಲಿಯನ್ ಹೆಚ್ಚಿನ ಮೀಸಲು ಕೇಳುತ್ತಿದೆ. ದರ ಸ್ಥಿರವಾಗಿರಬೇಕು, ಮೀಸಲು ಕೂಡಿಡುವ ಖರ್ಚೂ ಬೇಡ ಎನ್ನುವ ಸರ್ಕಾರಗಳು ಈ ಎರಡು ಮೊತ್ತಗಳನ್ನು ಅಕ್ಕಪಕ್ಕ ಬರೆದು ನೋಡಬೇಕು.

ಇಷ್ಟರವರೆಗೆ ಪ್ರಕಟಿತ 32ನ್ನು ನಂಬಿದ್ದೇವೆ. ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಹೆಚ್ಚು ಹೊತ್ತು ಕೂರಬೇಕಾದ್ದು ಇಲ್ಲಿ. ಮೀಸಲು ಎನ್ನಿಸಿಕೊಳ್ಳಲು ಆಸ್ತಿ ಕೇಂದ್ರ ಬ್ಯಾಂಕಿನ ಹಿಡಿತದಲ್ಲಿರಬೇಕು, ಬೇಕೆಂದಾಗ ಕೈಗೆ ಸಿಗಬೇಕು ಎನ್ನುವುದು ಅಂತರರಾಷ್ಟ್ರೀಯ ಲೆಕ್ಕಪದ್ಧತಿಯ ಷರತ್ತು. ಬಿಕ್ಕಟ್ಟು ಬಂದಾಗಲೆಲ್ಲ ಬಯಲಾಗುವುದು ಈ ಷರತ್ತಿನ ಉಲ್ಲಂಘನೆಯೇ.

1997ರ ಜೂನ್ ಕೊನೆಗೆ ಥಾಯ್ಲೆಂಡ್‌ನ ಪ್ರಕಟಿತ ಮೀಸಲು 30 ಬಿಲಿಯನ್ ಡಾಲರ್‌ಗೂ ಹೆಚ್ಚಿತ್ತು. ಆದರೆ ಬಾಟ್ ಕರೆನ್ಸಿಯನ್ನು ಕಾಪಾಡಲು ಕೇಂದ್ರ ಬ್ಯಾಂಕ್ ಫಾರ್ವರ್ಡ್ ಕರಾರುಗಳ ಮೂಲಕ ಡಾಲರ್ ಮಾರಿಕೊಂಡಿತ್ತು. ಇವತ್ತು ಕೊಡಬೇಕಿಲ್ಲ, ಮುಂದಿನ ತಿಂಗಳುಗಳಲ್ಲಿ ಕೊಡಬೇಕು. ಹೀಗೆ ಮಾರಿದರೆ ಮೀಸಲಿನ ಅಂಕಿ ಆ ದಿನ ಒಂದು ಪೈಸೆಯೂ ಇಳಿಯುವುದಿಲ್ಲ. ಆ ಬದ್ಧತೆಗಳನ್ನು ಕಳೆದರೆ ಉಳಿದದ್ದು ಮೂರು ಬಿಲಿಯನ್‌ಗೂ ಕಡಿಮೆ. ಜುಲೈ 2ರಂದು ಬಾಟ್ ಅನ್ನು ಕೈಬಿಡಬೇಕಾಯಿತು. ಕೊರಿಯಾದ್ದು ಇನ್ನೊಂದು ಬಗೆ. ಅದೇ ವರ್ಷದ ನವೆಂಬರ್ ಕೊನೆಗೆ ಲೆಕ್ಕದಲ್ಲಿದ್ದದ್ದು ಸುಮಾರು 24 ಬಿಲಿಯನ್, ಬಳಸಲು ಸಿಗುವಂತಿದ್ದದ್ದು ಏಳು ಬಿಲಿಯನ್ ಚಿಲ್ಲರೆ. ಉಳಿದದ್ದರ ದೊಡ್ಡ ಪಾಲನ್ನು ಕೇಂದ್ರ ಬ್ಯಾಂಕ್ ತನ್ನ ದೇಶದ ಬ್ಯಾಂಕುಗಳ ವಿದೇಶಿ ಶಾಖೆಗಳಲ್ಲೇ ಠೇವಣಿ ಇಟ್ಟಿತ್ತು. ಹಿಂದಕ್ಕೆ ಕೇಳಿದರೆ ಆ ಶಾಖೆಗಳೇ ಮುಳುಗುತ್ತಿದ್ದವು. ಶ್ರೀಲಂಕಾದಲ್ಲಿ 2022ರ ಮಾರ್ಚ್ ಕೊನೆಗೆ ಪ್ರಕಟಿತ ಮೀಸಲು 1.9 ಬಿಲಿಯನ್, ಅದರಲ್ಲಿ ಸುಮಾರು ಒಂದೂವರೆ ಬಿಲಿಯನ್ ಚೀನಾದ ಕೇಂದ್ರ ಬ್ಯಾಂಕಿನ ಸ್ವಾಪ್, ಅಂದರೆ ಕರೆನ್ಸಿ ಅದಲುಬದಲು ಮಾಡಿಕೊಂಡು ಮುಂದೆ ಹಿಂದಿರುಗಿಸುವ ಕರಾರಿನ ಹಣ. ಮೂರು ತಿಂಗಳ ಆಮದಿಗೆ ಸಾಲುವಷ್ಟು ಮೀಸಲಿದ್ದರೆ ಮಾತ್ರ ಅದನ್ನು ಬಳಸಬಹುದೆಂಬ ಷರತ್ತಿತ್ತು, ಅಂದರೆ ಅಗತ್ಯವಿಲ್ಲದಾಗ ಮಾತ್ರ ಸಿಗುವ ಹಣ. ಏಪ್ರಿಲ್ 12ರಂದು ವಿದೇಶಿ ಸಾಲದ ಪಾವತಿ ನಿಲ್ಲಿಸುವುದಾಗಿ ಸರ್ಕಾರ ಘೋಷಿಸಿತು. ಟರ್ಕಿಯಲ್ಲಿ 2023ರಲ್ಲಿ ಒಟ್ಟು ಮೀಸಲು ನೂರು ಬಿಲಿಯನ್ ಆಸುಪಾಸಿನಲ್ಲಿ ಕಾಣುತ್ತಿತ್ತು, ಆದರೆ ಬ್ಯಾಂಕುಗಳಿಂದ ಸ್ವಾಪ್ ಮೂಲಕ ಎರವಲು ತಂದದ್ದನ್ನು ಕಳೆದರೆ ನಿವ್ವಳ ಮೊತ್ತ ಸೊನ್ನೆಗಿಂತ ಬಹಳ ಕೆಳಗಿತ್ತು.

ಬ್ಯಾಂಕುಗಳ ಡಾಲರ್ ಠೇವಣಿಯ ವಿಷಯ ಸ್ವಲ್ಪ ಸೂಕ್ಷ್ಮ. ಜನರು ಡಾಲರ್‌ನಲ್ಲೇ ಖಾತೆ ಇಟ್ಟುಕೊಳ್ಳುವ ದೇಶಗಳಲ್ಲಿ ಬ್ಯಾಂಕುಗಳು ಆ ಠೇವಣಿಯ ಒಂದು ಪಾಲನ್ನು ಕೇಂದ್ರ ಬ್ಯಾಂಕಿನಲ್ಲಿ ಇಡಬೇಕಾಗುತ್ತದೆ, ಅದೂ ಮೀಸಲಿನ ಲೆಕ್ಕಕ್ಕೆ ಸೇರುತ್ತದೆ. ಖಾತೆದಾರರು ಡಾಲರ್ ಕೇಳಿದಾಗ ಕೊಡಬೇಕಾದ್ದೇ ಆ ಹಣ. ಅದನ್ನು ಕರೆನ್ಸಿ ಕಾಪಾಡಲು ಖರ್ಚು ಮಾಡಿದರೆ ಒಂದು ತೂತು ಮುಚ್ಚಲು ಇನ್ನೊಂದು ತೂತು ಕೊರೆದ ಹಾಗೆ. ಪೆರುವಿನ ಕೇಂದ್ರ ಬ್ಯಾಂಕ್ ಈ ವಿಷಯದಲ್ಲಿ ಅಚ್ಚುಕಟ್ಟು: ಒಟ್ಟು ಮೀಸಲಿನ ಜತೆಗೆ, ಬ್ಯಾಂಕುಗಳ ಮತ್ತು ಸರ್ಕಾರದ ಠೇವಣಿಗಳನ್ನು ಕಳೆದು ತನ್ನ ಸ್ವಂತದ್ದು ಎಷ್ಟು ಎಂಬ ಅಂಕಿಯನ್ನೂ ಪ್ರತ್ಯೇಕವಾಗಿ ಪ್ರಕಟಿಸುತ್ತದೆ.

ನಮ್ಮ ಕಾಲ್ಪನಿಕ ದೇಶಕ್ಕೆ ಇದನ್ನೆಲ್ಲ ಅನ್ವಯಿಸೋಣ. 32ರಲ್ಲಿ ಫಾರ್ವರ್ಡ್‌ನಲ್ಲಿ ಮಾರಿದ್ದು 5, ಷರತ್ತಿನ ಸ್ವಾಪ್ 3, ದೇಶೀಯ ಬ್ಯಾಂಕುಗಳು ಕಡ್ಡಾಯವಾಗಿ ಇಟ್ಟ ಡಾಲರ್ 4, ಬೇಗ ಮಾರಲಾಗದ ಹೂಡಿಕೆ 1. ಉಳಿದದ್ದು 19. ತೇಲುವ ದರದ ಅಳತೆಯಲ್ಲಿ 108% ಇದ್ದದ್ದು 64%ಕ್ಕೆ ಇಳಿಯಿತು. ಐದು ತಿಂಗಳ ಆಮದು ಈಗ ಮೂರು ತಿಂಗಳು ಮತ್ತು ಕೆಲವು ದಿನ. ಇಷ್ಟಕ್ಕೂ ಯಾರೂ ಸುಳ್ಳು ಅಂಕಿ ಕೊಟ್ಟಿಲ್ಲ.

ಇದನ್ನು ಹೊರಗಿನವರೂ ಮಾಡಿ ನೋಡಬಹುದು. ಏಷ್ಯಾ ಬಿಕ್ಕಟ್ಟಿನ ಬೆನ್ನಿಗೇ ಐಎಂಎಫ್ ಒಂದು ನಮೂನೆ ಜಾರಿಗೆ ತಂದಿತು. ಮುಖ್ಯ ಉದಯೋನ್ಮುಖ ದೇಶಗಳೆಲ್ಲ ಅದನ್ನು ತಿಂಗಳು ತಿಂಗಳೂ ತುಂಬಿ ಪ್ರಕಟಿಸುತ್ತವೆ. ಮೊದಲ ಭಾಗದಲ್ಲಿ ಪತ್ರಿಕೆಗಳಲ್ಲಿ ಬರುವ ಮೀಸಲಿನ ಮೊತ್ತ. ಎರಡನೆಯ ಭಾಗದಲ್ಲಿ ಮುಂದಿನ ಒಂದು ವರ್ಷದಲ್ಲಿ ಖಚಿತವಾಗಿ ಹೊರಹೋಗಬೇಕಾದ್ದು, ಒಂದು ತಿಂಗಳೊಳಗೆ, ಮೂರು ತಿಂಗಳೊಳಗೆ, ವರ್ಷದೊಳಗೆ ಎಂದು ವಿಂಗಡಿಸಿ. ಫಾರ್ವರ್ಡ್ ಮತ್ತು ಸ್ವಾಪ್ ಬದ್ಧತೆಗಳು ಇಲ್ಲಿರುತ್ತವೆ. ಮೂರನೆಯದರಲ್ಲಿ ಹೊರಹೋಗಬಹುದಾದ ಷರತ್ತಿನ ಬದ್ಧತೆಗಳು: ಸರ್ಕಾರ ಕೊಟ್ಟ ಖಾತರಿ, ಬ್ಯಾಂಕುಗಳು ಇಟ್ಟ ವಿದೇಶಿ ಕರೆನ್ಸಿ. ನಾಲ್ಕನೆಯದು ಟಿಪ್ಪಣಿ, ಒತ್ತೆ ಇಟ್ಟ ಆಸ್ತಿ ಇದ್ದರೆ ಅಲ್ಲಿ ಸಿಗುತ್ತದೆ. ಪತ್ರಿಕೆಯ ತಲೆಬರಹಕ್ಕೆ ಬರುವುದು ಮೊದಲ ಭಾಗವೊಂದೇ.

ಇನ್ನು ಹನ್ನೆರಡು ತಿಂಗಳ ಪರೀಕ್ಷೆ. ಐಎಂಎಫ್ ತೂಕಗಳು ಹಲವು ದೇಶಗಳ ಒಟ್ಟು ಅನುಭವದಿಂದ ಬಂದವು, ನಿಮ್ಮ ದೇಶದ ಸಾಲದ ಸ್ವಭಾವ ಅವಕ್ಕೆ ಗೊತ್ತಿಲ್ಲ. ಹಾಗಾಗಿ ಬಾಬ್ತು ಬಾಬ್ತಾಗಿ ಕೆಟ್ಟ ವರ್ಷವೊಂದನ್ನು ಊಹಿಸಿ ಬರೆಯಬೇಕು. ತೀರಬೇಕಾದ 30ರಲ್ಲಿ 60% ಮತ್ತೆ ಸಾಲವಾಗಿ ಸಿಕ್ಕಿತು ಎಂದುಕೊಳ್ಳಿ, 12 ಹೊರಗೆ. ಚಾಲ್ತಿ ಖಾತೆ ಕೊರತೆ 6. ಇತರ ಹೂಡಿಕೆ 70ರಲ್ಲಿ ಹತ್ತನೇ ಒಂದು ಭಾಗ, 7. ದೇಶದೊಳಗಿನವರು ಬ್ರಾಡ್ ಮನಿಯ 3%ರಷ್ಟನ್ನು ಡಾಲರ್‌ಗೆ ಬದಲಿಸಿಕೊಂಡರೆ 4.2. ಒಟ್ಟು 29.2. ಬಳಸಬಹುದಾದ ಮೀಸಲು 19. ಸುಮಾರು ಹತ್ತು ಬಿಲಿಯನ್ ಕಡಿಮೆ ಬೀಳುತ್ತದೆ.

ಈ ಹತ್ತನ್ನು ತುಂಬಿಸುವುದು ದುಡ್ಡಿಗೆ ತಕ್ಕ ಕೆಲಸವೇ? ನಿಮ್ಮ ಮೂರನೆಯ ಮಾತು, ಕೂಡಿಡುವುದೇ ದಂಡ ಎನ್ನುವುದು, ಇಲ್ಲಿ ಬರುತ್ತದೆ. ಮೊದಲು ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಮೀಸಲು ಸರ್ಕಾರದ ಉಳಿತಾಯವಲ್ಲ. ಕೇಂದ್ರ ಬ್ಯಾಂಕ್ ಡಾಲರ್ ಕೊಳ್ಳುವಾಗ ದೇಶದ ಹಣವನ್ನು ಹೊಸದಾಗಿ ಹೊರಬಿಡುತ್ತದೆ. ಅದರಿಂದ ಬೆಲೆ ಏರದಂತೆ ಆ ಹಣವನ್ನು ಬಾಂಡ್ ಮಾರಿ ಹಿಂದಕ್ಕೆ ಹೀರಿಕೊಳ್ಳುತ್ತದೆ. ಅಂದರೆ ಮೀಸಲಿನ ಎದುರಿಗೆ ಸಾಲ ಇದ್ದೇ ಇರುತ್ತದೆ. ಆ ಡಾಲರ್ ತೆಗೆದು ದೇಶದೊಳಗೆ ರಸ್ತೆ ಕಟ್ಟಲು ಹೊರಟರೆ, ಕೂಲಿ ಮತ್ತು ಜಲ್ಲಿಗೆ ಕೊಡಬೇಕಾದ್ದು ದೇಶದ ಹಣ, ಅದಕ್ಕಾಗಿ ಡಾಲರ್ ಮಾರಿದರೆ ಕರೆನ್ಸಿ ಬಲಗೊಂಡು ರಫ್ತಿಗೆ ಪೆಟ್ಟು. ಯಂತ್ರ ಆಮದಿಗೆ ಬಳಸಬಹುದು ನಿಜ, ಆದರೆ ಬಾಂಡ್ ಸಾಲ ಹಾಗೆಯೇ ಉಳಿಯುತ್ತದೆ, ಎದುರಿಗಿದ್ದ ಆಸ್ತಿ ಮಾತ್ರ ಇರುವುದಿಲ್ಲ.

ನಿಜವಾದ ವೆಚ್ಚ ಬಡ್ಡಿಯ ವ್ಯತ್ಯಾಸ. ದೇಶೀಯ ಬಾಂಡ್‌ಗೆ 9% ಕೊಡುತ್ತೀರಿ, ಅಮೆರಿಕದ ಖಜಾನೆ ಬಿಲ್‌ನಿಂದ 4% ಬರುತ್ತದೆ, ದೇಶದ ಕರೆನ್ಸಿ ವರ್ಷಕ್ಕೆ 3% ಸವೆಯುತ್ತದೆಂದರೆ ಹಿಡಿದಿಟ್ಟ ಡಾಲರ್‌ನ ಬೆಲೆ ಅಷ್ಟು ಏರುತ್ತದೆ. ನಿವ್ವಳ ವೆಚ್ಚ 2%. ಹತ್ತು ಬಿಲಿಯನ್‌ಗೆ ವರ್ಷಕ್ಕೆ 0.2 ಬಿಲಿಯನ್, ಜಿಡಿಪಿಯ 0.1%. ಬಿಕ್ಕಟ್ಟು ಬಂದರೆ ಜಿಡಿಪಿಯ 8% ನಷ್ಟ ಎಂದಿಟ್ಟುಕೊಂಡರೆ ಅದು 16 ಬಿಲಿಯನ್. 0.2ನ್ನು 16ರಿಂದ ಭಾಗಿಸಿ: ಬಿಕ್ಕಟ್ಟಿನ ವಾರ್ಷಿಕ ಸಂಭವ 10%ರಿಂದ 8.75%ಕ್ಕೆ ಇಳಿದರೂ ಹಾಕಿದ ದುಡ್ಡು ಹುಟ್ಟಿತು. ಮೀಸಲು 19 ಇರುವ ದೇಶ 29ಕ್ಕೆ ಏರಿಸಿದರೆ ಅಷ್ಟು ಇಳಿಕೆ ಖಂಡಿತ ಸಿಗುತ್ತದೆ. 60 ಇರುವ ದೇಶ 70ಕ್ಕೆ ಏರಿಸಿದರೆ ಸಿಗುವುದು ಕಷ್ಟ, ವೆಚ್ಚ ಮಾತ್ರ ಅಷ್ಟೇ. ಇದೇ ತರ್ಕವನ್ನು ಗಣಿತಕ್ಕೆ ಇಳಿಸಿದ ಒಲಿವಿಯೆ ಜೀನ್ ಮತ್ತು ರೊಮೇನ್ ರಾನ್ಸಿಯೆರ್ ಎಂಬ ಅರ್ಥಶಾಸ್ತ್ರಜ್ಞರಿಗೆ ಸಾಮಾನ್ಯ ಉದಯೋನ್ಮುಖ ದೇಶಕ್ಕೆ ಸಿಕ್ಕ ಉತ್ತರ ಜಿಡಿಪಿಯ ಸುಮಾರು 9%. ಆದರೆ ಏಷ್ಯಾದ ದೇಶಗಳು ಕೂಡಿಟ್ಟ ರಾಶಿಯನ್ನು ಆ ಸೂತ್ರ ಸುಲಭಕ್ಕೆ ವಿವರಿಸಲಿಲ್ಲ. ಅಲ್ಲಿ ವಿಮೆಯ ಜತೆಗೆ ರಫ್ತಿಗೆ ಅನುಕೂಲವಾಗುವಂತೆ ಕರೆನ್ಸಿಯನ್ನು ಅಗ್ಗವಾಗಿಡುವ ಉದ್ದೇಶವೂ ಇತ್ತು. ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ 2006ರಲ್ಲಿ ಹಾಕಿದ ಲೆಕ್ಕದಂತೆ ಅಭಿವೃದ್ಧಿಶೀಲ ದೇಶಗಳು ಹೆಚ್ಚುವರಿ ಮೀಸಲಿಗಾಗಿ ವರ್ಷಕ್ಕೆ ಜಿಡಿಪಿಯ ಹತ್ತಿರ ಹತ್ತಿರ 1% ತೆರುತ್ತಿದ್ದವು.

ಕೊರತೆ ತುಂಬಲು ಇನ್ನೊಂದು ದಾರಿ ಗ್ರೀನ್‌ಸ್ಪ್ಯಾನ್ ಹೇಳಿದ ‘ಎರಡನ್ನೂ’ ಎಂಬ ಮಾತಿನಲ್ಲಿದೆ: ಡಾಲರ್ ಹೆಚ್ಚಿಸುವ ಬದಲು ಸಾಲದ ಅವಧಿ ಹೆಚ್ಚಿಸುವುದು. ಹತ್ತು ಬಿಲಿಯನ್ ಅಲ್ಪಾವಧಿ ಸಾಲವನ್ನು ಐದು ವರ್ಷದ ಸಾಲವಾಗಿ ಬದಲಿಸಿದರೆ ನಮ್ಮ ಪರೀಕ್ಷೆಯಲ್ಲಿ ಆ ಬಾಬ್ತಿನ ಹೊರಹರಿವು 4 ಇಳಿಯುತ್ತದೆ, ಇತರ ಹೂಡಿಕೆಯ ಬಾಬ್ತಿನಲ್ಲಿ 1 ಏರುತ್ತದೆ. ನಿವ್ವಳ ಲಾಭ 3. ಆ ಮೂರು ಬಿಲಿಯನ್ ಮೀಸಲು ಹಿಡಿದಿಡಲು ವರ್ಷಕ್ಕೆ 0.06 ಬಿಲಿಯನ್ ಬೇಕಿತ್ತು. ಹಾಗಾಗಿ ದೀರ್ಘಾವಧಿಗೆ ಕೇಳುವ ಹೆಚ್ಚುವರಿ ಬಡ್ಡಿ 0.6%ಗಿಂತ ಕಡಿಮೆಯಿದ್ದರೆ ಸಾಲ ಬದಲಿಸುವುದೇ ಅಗ್ಗ, ಹೆಚ್ಚಿದ್ದರೆ ಡಾಲರ್ ಕೊಳ್ಳುವುದು ಅಗ್ಗ. ಮಾರುಕಟ್ಟೆ ಶಾಂತವಾಗಿರುವಾಗ ಮೊದಲನೆಯದು ಸಿಗುತ್ತದೆ. ಬಿರುಗಾಳಿ ಎದ್ದ ಮೇಲೆ ಯಾವುದೂ ಸಿಗುವುದಿಲ್ಲ.

ಹೊರಗಿನ ಆಸರೆ ಇದ್ದರೆ ಸ್ವಂತ ಮೀಸಲು ಕಡಿಮೆ ಸಾಕೇ? ಸ್ವಲ್ಪ ಮಟ್ಟಿಗೆ ಸಾಕು. 2008ರ ಮಾರ್ಚ್‌ನಲ್ಲಿ ಕೊರಿಯಾದ ಮೀಸಲು 264 ಬಿಲಿಯನ್ ಇದ್ದದ್ದು ನವೆಂಬರ್‌ಗೆ 200ರ ಸಮೀಪಕ್ಕೆ ಬಂತು. ಅಷ್ಟೊಂದು ಇದ್ದರೂ ಮಾರುಕಟ್ಟೆಯ ಗಾಬರಿ ಇಳಿದಿರಲಿಲ್ಲ. ಅಕ್ಟೋಬರ್ ಕೊನೆಗೆ ಫೆಡರಲ್ ರಿಸರ್ವ್ 30 ಬಿಲಿಯನ್ ಡಾಲರ್ ಸ್ವಾಪ್ ಘೋಷಿಸಿದಾಗ ವೊನ್ ಕರೆನ್ಸಿ ಒಂದೇ ದಿನದಲ್ಲಿ ಜೋರಾಗಿ ಚೇತರಿಸಿತು. ಆದರೆ ಉದಯೋನ್ಮುಖ ದೇಶಗಳ ಪೈಕಿ ಆ ಬಾಗಿಲು ತೆರೆದದ್ದು ಬ್ರೆಜಿಲ್, ಮೆಕ್ಸಿಕೋ, ಕೊರಿಯಾ, ಸಿಂಗಪುರಗಳಿಗೆ ಮಾತ್ರ, ಅದೂ ವಾಷಿಂಗ್ಟನ್ನಿನ ಇಚ್ಛೆಯಂತೆ. ಐಎಂಎಫ್‌ನ ಫ್ಲೆಕ್ಸಿಬಲ್ ಕ್ರೆಡಿಟ್ ಲೈನ್ ಹೆಚ್ಚು ಭರವಸೆಯದು; ನೀತಿ ಚೆನ್ನಾಗಿರುವ ದೇಶಕ್ಕೆ ಮೊದಲೇ ಮಂಜೂರಾಗುತ್ತದೆ, ಬಳಸುವಾಗ ಹೊಸ ಷರತ್ತಿಲ್ಲ. ಮೆಕ್ಸಿಕೋ 2009ರಿಂದ ಇಟ್ಟುಕೊಂಡಿದೆ. ಲಿಖಿತ ಒಪ್ಪಂದವಿದ್ದು ಷರತ್ತಿಲ್ಲದ್ದನ್ನು ಮಾತ್ರ ಲೆಕ್ಕಕ್ಕೆ ಸೇರಿಸಿ, ಉಳಿದದ್ದಕ್ಕೆ ಸೊನ್ನೆ ಹಾಕಿ ಎನ್ನುವುದು ನನ್ನ ಸಲಹೆ.

ಎಲ್ಲಿ ಇಟ್ಟಿದ್ದೀರಿ ಎನ್ನುವುದೂ ಎಷ್ಟು ಎನ್ನುವುದರ ಭಾಗವೇ. 2022ರಲ್ಲಿ ರಷ್ಯಾದ 600 ಬಿಲಿಯನ್ ಡಾಲರ್‌ಗೂ ಮೀರಿದ ಮೀಸಲಿನಲ್ಲಿ ಸುಮಾರು 300 ಬಿಲಿಯನ್ ಪಾಶ್ಚಾತ್ಯ ದೇಶಗಳ ನಿರ್ಬಂಧದಿಂದ ಕೈತಪ್ಪಿತು. ಹೆಚ್ಚಿನ ದೇಶಗಳು ಎದುರಿಸುವ ಅಪಾಯ ಇದಕ್ಕಿಂತ ಸಾಧಾರಣದ್ದು, ಮೌಲ್ಯದ ಏರಿಳಿತ. 2022ರಲ್ಲಿ ಡಾಲರ್ ಬಲಗೊಂಡು ಅಮೆರಿಕದ ಬಡ್ಡಿ ಏರಿದಾಗ, ಆ ಹಣಕಾಸು ವರ್ಷದ ಮೊದಲ ತಿಂಗಳುಗಳಲ್ಲಿ ಭಾರತದ ಮೀಸಲು ಕರಗಿದ್ದರಲ್ಲಿ ಸುಮಾರು 67% ಪಾಲು ಬರೀ ಮೌಲ್ಯ ಬದಲಾವಣೆಯದು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಅಂದರೆ ಯೂರೊ, ಚಿನ್ನ, ದೀರ್ಘಾವಧಿ ಬಾಂಡ್ ಹೆಚ್ಚಿರುವ ಮೀಸಲು ಕೆಟ್ಟ ವರ್ಷದಲ್ಲೇ ಕುಗ್ಗಬಹುದು. ಕೊಡಬೇಕಾದ ಸಾಲ ಡಾಲರ್‌ನಲ್ಲಿದ್ದರೆ ಮೊದಲ ಆರು ತಿಂಗಳ ಹೊರಹರಿವಿಗೆ ಸಮನಾದ ಪಾಲು ಅಲ್ಪಾವಧಿ ಡಾಲರ್ ಆಸ್ತಿಯಲ್ಲಿರಲಿ.

ಕೂಡಿಸುವ ವಿಧಾನಕ್ಕೆ ಚಿಲಿ ಒಳ್ಳೆಯ ಮಾದರಿ. 2011ರಲ್ಲಿ ಅದರ ಕೇಂದ್ರ ಬ್ಯಾಂಕ್ ಒಟ್ಟು 12 ಬಿಲಿಯನ್, ದಿನಕ್ಕೆ 50 ಮಿಲಿಯನ್ ಎಂದು ಮೊದಲೇ ಘೋಷಿಸಿ ಕೊಂಡಿತು. ದರ ಎಲ್ಲಿದ್ದರೂ ಅಷ್ಟೇ ಕೊಳ್ಳುವುದರಿಂದ, ಇದು ಯಾವುದೋ ಮಟ್ಟವನ್ನು ಕಾಯುವ ಆಟ ಎಂದು ಯಾರೂ ಊಹಿಸಿ ಪಣ ಕಟ್ಟಲಾಗದು. ನಮ್ಮ ಕಾಲ್ಪನಿಕ ದೇಶ ಎರಡು ವರ್ಷ, ಸುಮಾರು 500 ವಹಿವಾಟು ದಿನಗಳಲ್ಲಿ, ದಿನಕ್ಕೆ 20 ಮಿಲಿಯನ್‌ನಂತೆ ಕೊಂಡರೆ ಹತ್ತು ಬಿಲಿಯನ್ ಆಗುತ್ತದೆ.

ಬಳಸುವುದು ಕೂಡಿಸುವುದಕ್ಕಿಂತ ಕಷ್ಟ. ಯಾವತ್ತೂ ಮುಟ್ಟಬಾರದ ಕನಿಷ್ಠ ಮಟ್ಟ ಎಂದು ಒಂದನ್ನು ಘೋಷಿಸಿದರೆ ಆ ಮಟ್ಟದವರೆಗಿನ ಹಣ ಇದ್ದೂ ಇಲ್ಲದಂತೆ. ನಿಲ್ದಾಣದಲ್ಲಿ ಸದಾ ಒಂದು ಟ್ಯಾಕ್ಸಿ ಇರಲೇಬೇಕೆಂಬ ನಿಯಮದಿಂದಾಗಿ ಕೊನೆಯ ಟ್ಯಾಕ್ಸಿ ಯಾರನ್ನೂ ಹತ್ತಿಸಿಕೊಳ್ಳದೆ ನಿಂತಿದ್ದ ಹಾಗೆ. ಹಾಗೆಂದು ಒಂದು ದರವನ್ನು ಹಿಡಿದು ಕಾಯುತ್ತ ಹೋದರೆ ಎಷ್ಟಿದ್ದರೂ ಸಾಲದು. ಚೀನಾ 2014ರ ಜೂನ್‌ನಲ್ಲಿ ಸುಮಾರು 3.99 ಲಕ್ಷ ಕೋಟಿ ಡಾಲರ್ ಹೊಂದಿತ್ತು, 2017ರ ಜನವರಿ ಹೊತ್ತಿಗೆ ಅದು ಮೂರು ಲಕ್ಷ ಕೋಟಿಗಿಂತ ಸ್ವಲ್ಪ ಕೆಳಗಿಳಿದಿತ್ತು. ಸೋರಿಕೆ ನಿಂತದ್ದು ಬಂಡವಾಳ ಹೊರಹೋಗುವ ದಾರಿಗಳನ್ನು ಬಿಗಿಗೊಳಿಸಿದ ಮೇಲೆ. ಬ್ರೆಜಿಲ್ 2013ರ ಆಗಸ್ಟ್‌ನಲ್ಲಿ ಬೇರೆ ದಾರಿ ಹಿಡಿಯಿತು: ವಾರದ ನಾಲ್ಕು ದಿನ, ದಿನಕ್ಕೆ 500 ಮಿಲಿಯನ್ ಡಾಲರ್‌ನ ಸ್ವಾಪ್ (ಇಲ್ಲಿ ಡಾಲರ್ ಕೈಬದಲಾಗದೆ ದರದ ವ್ಯತ್ಯಾಸವನ್ನಷ್ಟೇ ಕೊಡುವ ಕರಾರು), ಶುಕ್ರವಾರ ಒಂದು ಬಿಲಿಯನ್ ಡಾಲರ್‌ನ ಸಾಲ. ಸ್ವಾಪ್‌ನ ಪಾವತಿ ದೇಶದ ಹಣದಲ್ಲೇ ಆಗುತ್ತಿದ್ದರಿಂದ ಮೀಸಲು ಕರಗಲಿಲ್ಲ. ಬೇಕಾಗಿರುವುದು ದರದ ಅಪಾಯದಿಂದ ರಕ್ಷಣೆ ಮಾತ್ರವಾದರೆ ಇದು ನಡೆಯುತ್ತದೆ. ಮಾರುಕಟ್ಟೆಗೆ ನಿಜವಾದ ಡಾಲರ್ ಬೇಕಾದಾಗ ನಡೆಯದು. ಕರೆನ್ಸಿ ಮತ್ತೆ ಕುಸಿದರೆ ನಷ್ಟ ಸರ್ಕಾರದ ತಲೆಗೆ, 2015ರಲ್ಲಿ ಅದೂ ಆಯಿತು.

ಕಡೆಯದಾಗಿ, ಸಾಲ ತಂದು ಮೀಸಲು ತೋರಿಸುವ ಉಪಾಯದ ಬಗ್ಗೆ. ಅಲ್ಪಾವಧಿ ಸಾಲ ತಂದರೆ ಒಂದು ಕೈಯಲ್ಲಿ ಬಂದ ಡಾಲರ್ ಇನ್ನೊಂದು ಕೈಯ ಬಾಕಿಯನ್ನೂ ಅಷ್ಟೇ ಹೆಚ್ಚಿಸುತ್ತದೆ. ಗಿಡೊಟ್ಟಿ ಅಳತೆಯಲ್ಲಿ ಲಾಭ ಸೊನ್ನೆ. ಅವಧಿ ಉದ್ದವಿದ್ದರೆ ವಿಷಯ ಬೇರೆ. 2013ರ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ರಿಸರ್ವ್ ಬ್ಯಾಂಕ್ ಅನಿವಾಸಿಗಳ ವಿದೇಶಿ ಕರೆನ್ಸಿ ಠೇವಣಿಗಳಿಗೆ 3.5% ರಿಯಾಯಿತಿ ದರದ ಸ್ವಾಪ್ ತೆರೆಯಿತು. ಬ್ಯಾಂಕುಗಳ ವಿದೇಶಿ ಸಾಲಕ್ಕಾಗಿ ತೆರೆದ ಇಂಥದೇ ಸೌಲಭ್ಯವೂ ಸೇರಿ ಸುಮಾರು 34 ಬಿಲಿಯನ್ ಡಾಲರ್ ಬಂತು. ಠೇವಣಿಗಳ ಅವಧಿ ಕನಿಷ್ಠ ಮೂರು ವರ್ಷ, ಹಾಗಾಗಿ ಬಹುಪಾಲು 2016ರ ಶರತ್ಕಾಲದಲ್ಲಿ ಒಟ್ಟಿಗೆ ವಾಪಸ್ ಕೊಡಬೇಕಿತ್ತು. ರಿಸರ್ವ್ ಬ್ಯಾಂಕ್ ಅದಕ್ಕೆ ಬೇಕಾದ ಡಾಲರ್‌ಗಳನ್ನು ಮೊದಲೇ ಫಾರ್ವರ್ಡ್‌ನಲ್ಲಿ ಕೊಂಡಿಟ್ಟುಕೊಂಡಿತ್ತು, ಕೊಡುವ ದಿನ ಗದ್ದಲವಾಗಲಿಲ್ಲ. ಇಂಥ ಹಣ ಬಂದ ದಿನವೇ ಅದರ ವಾಪಸಾತಿಯ ತಿಂಗಳನ್ನು ಹೊರಹರಿವಿನ ಪಟ್ಟಿಯಲ್ಲಿ ಬರೆದಿಡಬೇಕು, ಉಳಿದ ಅವಧಿ ಹನ್ನೆರಡು ತಿಂಗಳಿಗೆ ಇಳಿದಾಗ ಪೂರ್ತಿ ಮೊತ್ತವನ್ನು ಅಲ್ಪಾವಧಿ ಸಾಲದ ಸಾಲಿಗೆ ಸರಿಸಬೇಕು.